ಹೊಸ ಮನೆಗೆ ಹಾಡು, ವಿಡಿಯೊ ವ್ಯವಸ್ಥೆ: ಪ್ಲಾಸ್ಟರ್ ಆಗೋ ಮೊದಲೇ ಇದನ್ನು ಓದಿ

ಬಾಗಲಕೋಟೆ ನವನಗರದಲ್ಲಿ ಮನೆ ಕಟ್ಟಿಸುತ್ತಿರುವ ಸರ್ ಕೇಳಿದ್ದಕ್ಕೆ ಉತ್ತರ ಇದು, ಸ್ವಲ್ಪ ಉದ್ದ ಆಗಿದೆ. ಅವರು ಕೇಳಿದ್ದು ಇಷ್ಟು: ಬಜೆಟ್ 60 ಸಾವಿರ. ಟಿವಿ ಈಗಾಗಲೇ ಇದೆ, ಅದು ಹಾಲ್‌ನಲ್ಲಿ ಇರುತ್ತದೆ. ಮೇಲಿನ ಕೋಣೆಯಲ್ಲಿ ತಂದೆಯವರಿಗೆ ಹಾಡು ಕೇಳಬೇಕು. ಒಂದು ಹಾರ್ಡ್‌ಡಿಸ್ಕ್ ತುಂಬ ಹಾಡು, ಸಿನಿಮಾ, ಮದುವೆ ವಿಡಿಯೊ ಇವೆ. ಟ್ರಂಕಿನಲ್ಲಿ ಪಾರಿಜಾತದ ಆಟ, ಗೀಗೀ ಪದ, ಭಜನೆ ಪದಗಳ ಹಳೇ ಕ್ಯಾಸೆಟ್ ಇವೆ. ಎಲ್ಲ ಕೋಣೆಯಲ್ಲೂ ಕೇಳೋ ಹಾಗೆ ಯಾವ ಕಂಪನಿಯ ಸಿಸ್ಟಮ್ ತಗೊಳ್ಳಲಿ?

ಇಲ್ಲಿವರೆಗೆ ಬಂದ ಉತ್ತರಗಳಲ್ಲಿ ಜಾಸ್ತಿ ಜನ ಸೌಂಡ್‌ಬಾರ್ (ಟಿವಿ ಕೆಳಗೆ ಇಡುವ ಉದ್ದನೆಯ ಸ್ಪೀಕರ್) ಹೆಸರುಗಳನ್ನೇ ಹೇಳಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಎಲ್ಲವನ್ನೂ ಮಾಡುವ ಒಂದೇ ಡಬ್ಬಿ ತಗೊಳ್ಳಬೇಡಿ. ಫೈಲ್ ಇಡುವುದು ಒಂದು ಕೆಲಸ, ಅದನ್ನು ಕೋಣೆಗೆ ಮುಟ್ಟಿಸುವುದು ಒಂದು, ನುಡಿಸುವುದು ಒಂದು, ಕಿವಿಗೆ ಕೇಳಿಸುವುದು ಒಂದು. ನಾಲ್ಕೂ ಬೇರೆ ಬೇರೆ ಇರಲಿ. ಒಂದು ಕೆಟ್ಟರೆ ಅದನ್ನಷ್ಟೇ ಬದಲಿಸುತ್ತೀರಿ, ಉಳಿದದ್ದು ಹಾಗೇ ನಡೆಯುತ್ತದೆ.

ಇದನ್ನು ಸುಮ್ನೆ ಹೇಳ್ತಿಲ್ಲ. ಲಾಜಿಟೆಕ್‌ನ ಸ್ಕ್ವೀಜ್‌ಬಾಕ್ಸ್ ಎಷ್ಟು ಒಳ್ಳೆಯ ಸಂಗೀತದ ಪ್ಲೇಯರ್ ಆಗಿತ್ತು, 2012ರಲ್ಲಿ ನಿಂತುಹೋಯಿತು. ಹಾಡು ಕೇಳಿಸುವ ಗೂಗಲ್ ಪ್ಲೇ ಮ್ಯೂಸಿಕ್ ಸೇವೆ 2020ರಲ್ಲಿ ಮುಚ್ಚಿತು. 2025ರ ಮಾರ್ಚ್‌ನಲ್ಲಿ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು (ಫೋನಿನಲ್ಲಿರೋದನ್ನು ಟಿವಿಗೆ ಕಳಿಸುವ ಗೂಗಲ್‌ನ ಸಣ್ಣ ಸಾಧನ) ಒಳಗಿನ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದ ಕಾರಣಕ್ಕೆ ಒಮ್ಮೆಲೇ ಕೆಲಸ ನಿಲ್ಲಿಸಿದವು, ಆಮೇಲೆ ಗೂಗಲ್ ಅಪ್‌ಡೇಟ್ ಕಳಿಸಿ ಸರಿಮಾಡಿತು. ವಸ್ತು ಚೆನ್ನಾಗಿದ್ದರೂ ಅದರ ಹಿಂದಿನ ಸೇವೆ ನಿಂತರೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಸ್ಕ್ವೀಜ್‌ಬಾಕ್ಸ್‌ಗೆ ಹಾಡು ಕಳಿಸುವ ಸರ್ವರ್ ಸಾಫ್ಟ್‌ವೇರ್ ಮಾತ್ರ ಯಾರು ಬೇಕಾದರೂ ತಿದ್ದಿ ಬಳಸುವಂತೆ ಮುಕ್ತವಾಗಿದ್ದ ಕಾರಣ ಬಳಸುವವರೇ ಅದನ್ನು ಉಳಿಸಿಕೊಂಡರು, ಈಗ ಲಿರಿಯನ್ ಮ್ಯೂಸಿಕ್ ಸರ್ವರ್ ಅಂತ ಹೆಸರು. ನಿಮ್ಮ ಹಾಡು ನಿಮ್ಮ ಡಿಸ್ಕ್‌ನಲ್ಲಿ, ಯಾವ ಪ್ಲೇಯರ್‌ಗೂ ಓದಲು ಬರುವ ಫೈಲ್ ಆಗಿ ಇರಬೇಕು. ಇಷ್ಟು ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ.

ಈಗ ಮುಖ್ಯ ವಿಷಯ, ತಂತಿ. ಪ್ಲಾಸ್ಟರ್ ಇನ್ನೂ ಆಗಿಲ್ಲ ಅಂದಿದ್ದೀರಿ, ಅದು ನಿಮ್ಮ ದೊಡ್ಡ ಲಾಭ. ನಾನಿರುವುದು ಜಮಖಂಡಿಯಲ್ಲಿ, ಹಳೇ ಕಲ್ಲಿನ ಮನೆ, ಗೋಡೆ ಎರಡು ಫೂಟ್ ದಪ್ಪ. ಪಡಸಾಲೆಯಲ್ಲಿ ವೈಫೈ ಪೂರ್ತಿ ಕಡ್ಡಿ ತೋರಿಸುತ್ತದೆ, ಒಳಕೋಣೆಗೆ ಕಾಲಿಟ್ಟರೆ 5 ಗಿಗಾಹರ್ಟ್ಸ್ ಸಿಗ್ನಲ್ ಕಾಣೆ. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ನಿಧಾನ, ಅಕ್ಕಪಕ್ಕದ ಮನೆಯವರ ವೈಫೈ ಎಲ್ಲ ಅದರಲ್ಲೇ ಕೂತಿರುತ್ತದೆ. ನಿಮ್ಮದು ಇಟ್ಟಿಗೆ ಗೋಡೆ ಇರಬಹುದು, ಆದರೂ ನಡುವೆ ಸ್ಲ್ಯಾಬ್ ಬರುತ್ತದಲ್ಲ, ಸರಳು ತುಂಬಿದ ಕಾಂಕ್ರೀಟ್ ದಾಟಿ ಮೇಲಿನ ಕೋಣೆಗೆ ಹೋಗೋದು ಸಿಗ್ನಲ್‌ಗೆ ಕಷ್ಟವೇ.

ಹಾಗಾಗಿ ಟಿವಿ ಗೋಡೆಗೆ ಎರಡು, ಮೇಲಿನ ಕೋಣೆಗೆ ಒಂದು, ಮೇಲಿನ ಪ್ಯಾಸೇಜಿನ ಚಾವಣಿಗೆ ಒಂದು ಕ್ಯಾಟ್ 6 ಕೇಬಲ್ (ಇಂಟರ್ನೆಟ್ ಸಾಗಿಸುವ ನೆಟ್‌ವರ್ಕ್ ತಂತಿ) ಎಳೆಸಿ. ಎಲ್ಲವೂ ರೌಟರ್ ಇಡುವ ಜಾಗಕ್ಕೇ ಬಂದು ಸೇರಲಿ. 25 ಎಂಎಂ ಪೈಪ್ ಹಾಕಿಸಿ, ಒಳಗೆ ಒಂದು ಎಳೆಯುವ ತಂತಿ ಬಿಟ್ಟಿರಿ, ನಾಳೆ ಬೇರೆ ಕೇಬಲ್ ಬೇಕಾದರೆ ಗೋಡೆ ಒಡೆಯೋದು ತಪ್ಪುತ್ತದೆ. ಕರೆಂಟಿನ ಪೈಪಿನಿಂದ ಒಂದು ಫೂಟ್ ದೂರ ಇರಲಿ, ದಾಟಲೇಬೇಕಾದರೆ ಅಡ್ಡ ದಾಟಲಿ, ಜೊತೆಜೊತೆಗೆ ಉದ್ದಕ್ಕೆ ಓಡಬಾರದು. ಎಲೆಕ್ಟ್ರಿಷಿಯನ್ "ಒಂದೇ ಪೈಪಿನಲ್ಲಿ ಹಾಕ್ತೀನಿ" ಅಂದರೆ ಒಪ್ಪಬೇಡಿ.

ಕೇಬಲ್ ತರುವಾಗ ಒಂದು ಪರೀಕ್ಷೆ ಮಾಡಿ. ತುದಿ ಸುಲಿದು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ಬಾಗಿಸಿದಲ್ಲಿ ಮುರಿಯುತ್ತದೆ, ಗೋಡೆಯೊಳಗೆ ಅದು ಬೇಡವೇ ಬೇಡ. ಅಂಗಡಿಯಲ್ಲಿ 305 ಮೀಟರಿನ ಪೆಟ್ಟಿಗೆ ತೋರಿಸುತ್ತಾರೆ, ನಿಮಗೆ ಅಷ್ಟು ಬೇಕಾಗಲ್ಲ, ಬಿಡಿಯಾಗಿ ಅಳೆದು ತಗೊಳ್ಳಿ. ಕ್ಯಾಟ್ 6ರಲ್ಲಿ 100 ಮೀಟರ್ ತನಕ ಗಿಗಾಬಿಟ್ ವೇಗ ಸಲೀಸಾಗಿ ಹೋಗುತ್ತದೆ, ಮನೆಗೆ ಅದು ಸಾಕು. ಚಾವಣಿಯ ಕೇಬಲ್‌ಗೆ ಮುಂದೆ ಒಂದು ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಡಬ್ಬಿ) ಹಾಕಿದರೆ ಮೇಲೆ ಫೋನ್‌ಗಳಿಗೂ ಒಳ್ಳೆ ವೈಫೈ. ಟಿವಿ ಗೋಡೆಯಿಂದ ಸ್ಪೀಕರ್ ಇಡುವ ಎರಡೂ ಮೂಲೆಗೆ ಸ್ಪೀಕರ್ ವೈರಿಗೂ ಈಗಲೇ ಪೈಪ್ ಬಿಡಿಸಿ.

ಕರೆಂಟ್ ವಿಷಯ. ಇನ್ವರ್ಟರ್ ತಗೊಳ್ಳೋದಿದ್ದರೆ ಸೈನ್ ವೇವ್ ತಗೊಳ್ಳಿ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ಲಿಫೈಯರ್ ಹಾಕಿದರೆ ತಂಬೂರಿಯ ಜೊತೆ ಇನ್ನೊಂದು ಗುಂಯ್ ಅನ್ನೋ ಶ್ರುತಿ ಸೇರುತ್ತದೆ, ಕೇಳೋಕೆ ಆಗಲ್ಲ. ರೌಟರ್‌ಗೆ 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು, ಆದರೆ ರೌಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಂಡು ತಗೊಳ್ಳಿ. ಮುಂಗಾರಿಗೆ ಮುಂಚೆ ನಮ್ಮ ಕಡೆ ಬರುವ ಗುಡುಗು ಮಿಂಚಿನ ಮಳೆ ಗೊತ್ತಲ್ಲ. ಫೈಬರ್ ಗಾಜಿನದು, ಅದರಲ್ಲಿ ಮಿಂಚಿನ ಹೊಡೆತ ಒಳಗೆ ಬರಲ್ಲ. ಛಾವಣಿ ಮೇಲಿನ ಡಿಶ್ ಕೇಬಲ್‌ನಲ್ಲಿ ಬರುತ್ತದೆ, ಟಿವಿಯ ಎಚ್‌ಡಿಎಂಐ ಪೋರ್ಟ್ ಸುಡುತ್ತದೆ. ಅರ್ಥಿಂಗ್ ಸರಿಯಾಗಿ ಮಾಡಿಸಿ, ಮಳೆ ಬರೋ ಮುನ್ನ ಡಿಶ್ ಕೇಬಲ್ ಕಳಚಿ.

ಫೈಲ್ ಇಡೋಕೆ ನ್ಯಾಸ್ (ನೆಟ್‌ವರ್ಕ್‌ಗೆ ಸೇರಿಸುವ ಹಾರ್ಡ್‌ಡಿಸ್ಕ್ ಪೆಟ್ಟಿಗೆ) ಬೇಕೇ? ಸಿನಾಲಜಿ, ಕ್ಯುನ್ಯಾಪ್ ಕಂಪನಿಗಳವು ಒಳ್ಳೆಯವೇ, ಆದರೆ ನಿಮ್ಮ ಬಜೆಟ್‌ನಲ್ಲಿ ಸ್ಪೀಕರಿನ ದುಡ್ಡು ಅಲ್ಲೇ ಹೋಗುತ್ತದೆ. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದ್ದರೆ ಅದೇ ಸರ್ವರ್, ಅಂದರೆ ಫೈಲ್ ಇಟ್ಟುಕೊಂಡು ಬೇರೆ ಸಾಧನಗಳಿಗೆ ಕಳಿಸುವ ಕಂಪ್ಯೂಟರ್ ಆಗಲಿ. ಅದರ ಪ್ರೊಸೆಸರ್ ಇಂಟೆಲ್ 7ನೇ ತಲೆಮಾರು ಅಥವಾ ಅದರ ನಂತರದ್ದಾದರೆ 10 ಬಿಟ್ ಎಚ್.265 (ಹೆಚ್ಚು ಕುಗ್ಗಿಸಿದ ಹೊಸ ಫಾರ್ಮ್ಯಾಟ್) ವಿಡಿಯೊವನ್ನೂ ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ, ಅಂದರೆ ಟಿವಿಗೆ ಆ ಫಾರ್ಮ್ಯಾಟ್ ಓದಲು ಬರದಿದ್ದರೆ ಸರ್ವರೇ ಬದಲಿಸಿ ಕಳಿಸಬಹುದು. ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇರೋದರಿಂದ ಕರೆಂಟ್ ಹೋದಾಗ ತಟ್ಟನೆ ಆರುವುದಿಲ್ಲ. ಆದರೆ ಸದಾ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಊದಬಹುದು. ಚಾರ್ಜ್ ಮಿತಿಯ ಸೆಟ್ಟಿಂಗ್ ಇದ್ದರೆ ಶೇಕಡಾ 60ರಿಂದ 80ರ ಒಳಗೆ ನಿಲ್ಲಿಸಿ, ಆಗಾಗ ಕೆಳಗಿನ ಭಾಗ ಸಮ ಇದೆಯಾ ಕೈಯಾಡಿಸಿ ನೋಡಿ. ಇನ್ನೊಂದು, ಟಿವಿ ಕೆಳಗಿನ ಬಾಗಿಲು ಮುಚ್ಚಿದ ಕಪಾಟಿನಲ್ಲಿ ಇದನ್ನು ಇಡಬೇಡಿ. ಏಪ್ರಿಲ್, ಮೇನಲ್ಲಿ ಹೊರಗೇ 40 ಡಿಗ್ರಿ ಇರುವ ಊರು ನಮ್ಮದು, ಮುಚ್ಚಿದ ಕಪಾಟಿನಲ್ಲಿ ಹಾರ್ಡ್‌ಡಿಸ್ಕ್ ಬೇಯುತ್ತದೆ.

ಸಾಫ್ಟ್‌ವೇರ್‌ಗೆ ಜೆಲ್ಲಿಫಿನ್ ಹಾಕಿ, ನಿಮ್ಮ ಸಿನಿಮಾ, ವಿಡಿಯೊಗಳನ್ನು ಪಟ್ಟಿ ಮಾಡಿ ಟಿವಿಗೆ ಕಳಿಸುವುದು ಇದರ ಕೆಲಸ. ಪೂರ್ತಿ ಉಚಿತ, ಎಲ್ಲೂ ಖಾತೆ ತೆರೆಯಬೇಕಿಲ್ಲ, ಇಂಟರ್ನೆಟ್ ಹೋದರೂ ಮನೆಯೊಳಗೆ ನಡೆಯುತ್ತದೆ. ಇದೇ ಕೆಲಸ ಮಾಡುವ ಪ್ಲೆಕ್ಸ್ ನೋಡಲು ಇನ್ನೂ ಚೆಂದ, ಆದರೆ 2025ರಿಂದ ಮನೆಯ ಹೊರಗಿನಿಂದ ನಿಮ್ಮದೇ ವಿಡಿಯೊ ನೋಡೋಕೂ ದುಡ್ಡು ಕೇಳುತ್ತದೆ. ಟಿವಿ ಆಂಡ್ರಾಯ್ಡ್ ಇದ್ದರೆ ಜೆಲ್ಲಿಫಿನ್ ಆಪ್ ಅಲ್ಲೇ ಸಿಗುತ್ತದೆ, ಬೇರೆ ಬಾಕ್ಸ್ ಬೇಡ.

ಟಿವಿಗೆ ಕೇಬಲ್ ಚುಚ್ಚಿದ ಮೇಲೆ ಒಂದು ವಿಚಿತ್ರ ಕಾಣಬಹುದು. ಬಹಳಷ್ಟು ಟಿವಿಗಳ ಲ್ಯಾನ್ ಪೋರ್ಟ್ (ಆ ಕೇಬಲ್ ಚುಚ್ಚುವ ಜಾಗ) 100 ಮೆಗಾಬಿಟ್‌ನದು, ಗಿಗಾಬಿಟ್ ಅಲ್ಲ. ಹೆದರಬೇಡಿ. ನೆಟ್‌ಫ್ಲಿಕ್ಸ್ 4ಕೆಗೆ ಕೇಳೋದು 15 ಮೆಗಾಬಿಟ್. ದೊಡ್ಡ 4ಕೆ ಬ್ಲೂ-ರೇ ಫೈಲ್ ಮಾತ್ರ ಕೆಲವು ದೃಶ್ಯದಲ್ಲಿ 100 ದಾಟಿ ತಡವರಿಸುತ್ತದೆ, ಅಂಥವು ನಿಮ್ಮ ಹತ್ತಿರ ಇದ್ದರಷ್ಟೇ ಗಿಗಾಬಿಟ್ ಪೋರ್ಟಿನ ಬಾಕ್ಸ್ ಯೋಚಿಸಿ.

ದನಿ. ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಇಲ್ಲಿಗೇ ಇಡಿ. ಬರೀ ಸುದ್ದಿ, ಧಾರಾವಾಹಿ, ಸಿನಿಮಾ ನೋಡುವ ಮನೆಗೆ ಸೌಂಡ್‌ಬಾರ್ ಸರಿ. ನೀವು ಮಲ್ಲಿಕಾರ್ಜುನ ಮನ್ಸೂರರ, ಕುಮಾರ ಗಂಧರ್ವರ ಹಾಡಿಕೆ ಕೇಳುವವರು ಅಂತ ಬರೆದಿದ್ದೀರಿ. ಹಾಗಿದ್ದರೆ ಒಂದು ಸ್ಟೀರಿಯೊ ಆಂಪ್ಲಿಫೈಯರ್, ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ತಗೊಳ್ಳಿ, ಸಬ್‌ವೂಫರ್ ಬಿಡಿ. ಹಾಡುವವರ ಕಂಠ, ತಂಬೂರಿ, ಸಾರಂಗಿಯ ಜೀವ ಎಲ್ಲ ನಡುವಿನ ಸ್ವರಗಳಲ್ಲಿ ಇರುತ್ತದೆ. ಅಗ್ಗದ ಸಬ್‌ವೂಫರ್ ಸೆಟ್‌ಗಳಲ್ಲಿ ಕೆಳಗೆ ಧಡಧಡ, ಮೇಲೆ ಚುಯ್ ಚುಯ್, ನಡುವೆ ಏನೂ ಇರಲ್ಲ. ಅಂಗಡಿಗೆ ಹೋಗುವಾಗ ನಿಮಗೆ ಬಾಯಿಪಾಠ ಆಗಿರುವ ಒಂದು ಖ್ಯಾಲ್ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ, ಸಣ್ಣ ದನಿಯಲ್ಲಿ ಇಟ್ಟು ಕೇಳಿ. ಸಣ್ಣ ದನಿಯಲ್ಲೂ ತಂಬೂರಿ ಬಿಡಿಯಾಗಿ ಕೇಳಿದರೆ ಆ ಸ್ಪೀಕರ್ ತಗೊಳ್ಳಬಹುದು.

ಆಂಪ್ಲಿಫೈಯರ್‌ನಲ್ಲಿ ಎಚ್‌ಡಿಎಂಐ ಎಆರ್‌ಸಿ (ಟಿವಿಯ ದನಿ ಎಚ್‌ಡಿಎಂಐ ಕೇಬಲ್‌ನಲ್ಲೇ ಆಂಪ್ಲಿಫೈಯರ್‌ಗೆ ಬರುವ ಸೌಲಭ್ಯ) ಇರಲೇಬೇಕು, ಆಗ ಟಿವಿ ರಿಮೋಟ್‌ನಿಂದಲೇ ದನಿ ಏರಿಸಿ ಇಳಿಸಬಹುದು. ಜೋಡಿಸಿದ ಮೇಲೆ ಶಬ್ದವೇ ಬರದಿದ್ದರೆ ಟಿವಿ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಆಡಿಯೊವನ್ನು ಪಿಸಿಎಂ (ಕುಗ್ಗಿಸದ ಸಾದಾ ದನಿ) ಮಾಡಿ. ಸ್ಟೀರಿಯೊ ಆಂಪ್ಲಿಫೈಯರ್‌ಗೆ ಡಾಲ್ಬಿ ಬಿಡಿಸಲು ಬರಲ್ಲ, ಅದಕ್ಕೇ ಸುಮ್ಮನಿರುತ್ತದೆ. ಸಿನಿಮಾಕ್ಕೆ ಬ್ಲೂಟೂತ್ ಸ್ಪೀಕರ್ ಬಳಸಬೇಡಿ, ತುಟಿ ಮೊದಲು ಅಲ್ಲಾಡಿ ಮಾತು ಆಮೇಲೆ ಬರುತ್ತದೆ. ಟೈಲ್ಸ್ ನೆಲ, ಬೋಳು ಗೋಡೆಯ ಹೊಸ ಹಾಲ್ ಜೋರು ಗುಂಯ್‌ಗುಡುತ್ತದೆ. ಕೂರುವ ಜಾಗದ ಮುಂದೆ ದಪ್ಪ ಜಮಖಾನೆ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ, ದನಿ ಎಷ್ಟು ತಿಳಿಯಾಗುತ್ತದೆ ಅಂತ ನೀವೇ ನೋಡುತ್ತೀರಿ.

ಮೇಲಿನ ಕೋಣೆಗೆ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್), ಅದರ ಮೇಲೆ ಫೈಲನ್ನು ದನಿಯಾಗಿ ಬದಲಿಸುವ ಸಣ್ಣ ಡ್ಯಾಕ್ ಬೋರ್ಡ್, ಆಂಪ್ಲಿಫೈಯರ್ ಒಳಗೇ ಇರುವ ಒಂದು ಜೊತೆ ಸ್ಪೀಕರ್. ಪೈಗೆ ಪೈಕೋರ್‌ಪ್ಲೇಯರ್ ಅನ್ನೋ ಹಾಡು ನುಡಿಸುವ ಸಾಫ್ಟ್‌ವೇರ್ ಹಾಕಿ, ಲ್ಯಾಪ್‌ಟಾಪ್‌ನಲ್ಲಿ ಆಗಲೇ ಹೇಳಿದ ಲಿರಿಯನ್ ಸರ್ವರ್ ಹಾಕಿ. ಒಂದೇ ಹಾಡನ್ನು ಕೆಳಗೂ ಮೇಲೂ ಹಿಂದೆಮುಂದೆ ಆಗದ ಹಾಗೆ ಕೂಡಿಸಿ ನುಡಿಸಬೇಕು ಅಂದರೆ ಹಾಲ್‌ನ ಆಂಪ್ಲಿಫೈಯರ್‌ಗೂ ಇಂಥದೇ ಇನ್ನೊಂದು ಪೈ ಸಾಕು. ಹಿರಿಯರಿಗೆ ಫೋನ್ ಒತ್ತುವ ರಗಳೆ ಬೇಡ ಅಲ್ವಾ? ಪೈಕೋರ್‌ಪ್ಲೇಯರ್‌ನಲ್ಲಿ ಶುರುವಾದ ತಕ್ಷಣ ಮೆಚ್ಚಿನ ಪಟ್ಟಿ ತಾನೇ ನುಡಿಯುವ ಸೆಟ್ಟಿಂಗ್ ಇದೆ. ಗೋಡೆಯ ಸ್ವಿಚ್ ಹಾಕಿದರೆ ಸ್ವಲ್ಪ ಹೊತ್ತಿಗೆ ವಚನ ಶುರು. ತಂದೆಯವರು ಮಾಡಬೇಕಾದ್ದು ಇಷ್ಟೇ. ಆರಿಸೋಕೂ ಸ್ವಿಚ್ ತೆಗೆದರೆ ಸಾಕು, ಪೈಕೋರ್‌ಪ್ಲೇಯರ್ ಪೂರ್ತಿ ರ್ಯಾಮ್‌ನಲ್ಲೇ ನಡೆಯೋದರಿಂದ ಮೆಮೊರಿ ಕಾರ್ಡ್ ಅಷ್ಟು ಸುಲಭಕ್ಕೆ ಕೆಡಲ್ಲ, ಆದರೂ ಒಂದು ಕಾರ್ಡ್ ನಕಲು ಮಾಡಿಟ್ಟಿರಿ.

ಹೆಸರು ಇಡುವ ಬಗ್ಗೆ ಯಾರೂ ಹೇಳಲ್ಲ, ಆದರೆ ನಮ್ಮ ಸಂಗೀತಕ್ಕೆ ಇದೇ ದೊಡ್ಡ ಕೆಲಸ. ಈ ಸಾಫ್ಟ್‌ವೇರ್‌ಗಳೆಲ್ಲ ಗಾಯಕ, ಆಲ್ಬಮ್, ಹಾಡು ಅಂತ ಯೋಚಿಸುತ್ತವೆ. ರಾಗ ಅನ್ನೋ ಖಾನೆಯೇ ಇರಲ್ಲ. ನಾನು ಸಂಯೋಜಕರ ಖಾನೆಯಲ್ಲಿ ರಾಗದ ಹೆಸರು ತುಂಬುತ್ತೇನೆ, ಪ್ರಕಾರದ ಖಾನೆಯಲ್ಲಿ ಖ್ಯಾಲ್, ವಚನ, ದಾಸರ ಪದ, ಗೀಗೀ ಪದ ಅಂತ. ಆಗ ಸಂಜೆ ಕೂತು ಪೂರಿಯಾ ಅಂತ ಒತ್ತಿದರೆ ಯಾರ್ಯಾರು ಹಾಡಿದ ಪೂರಿಯಾ ಇದೆಯೋ ಎಲ್ಲ ಒಂದೇ ಕಡೆ ಸಿಗುತ್ತದೆ. ಗಾಯಕರ ಹೆಸರನ್ನು ಒಂದೇ ರೀತಿ ಬರೆಯಿರಿ. ಮನ್ಸೂರ, ಮನ್ಸೂರ್, ಪಂಡಿತ್ ಸೇರಿಸಿ ಒಂದು, ಇಂಗ್ಲಿಷಿನಲ್ಲಿ ಒಂದು, ಹೀಗೆ ಬರೆದರೆ ಸಾಫ್ಟ್‌ವೇರ್ ಲೆಕ್ಕದಲ್ಲಿ ಅವರು ನಾಲ್ಕು ಜನ. ಕನ್ನಡದಲ್ಲೇ ಬರೆಯಿರಿ, ಯೂನಿಕೋಡ್‌ನಲ್ಲಿ. ಕಾರಿನ ಹಳೇ ಸ್ಟೀರಿಯೊದಲ್ಲಿ ಚೌಕ ಡಬ್ಬಿ ಕಾಣಬಹುದು, ಮನೆಯಲ್ಲಿ ತೊಂದರೆ ಇಲ್ಲ. ಎಂಪಿ3 ಆಗಿರುವುದನ್ನು ಫ್ಲ್ಯಾಕ್ (ದನಿ ಕಳೆಯದೆ ಕುಗ್ಗಿಸುವ ಫಾರ್ಮ್ಯಾಟ್) ಮಾಡಲು ಹೋಗಬೇಡಿ, ಹೋದ ದನಿ ತಿರುಗಿ ಬರಲ್ಲ, ಜಾಗ ಮಾತ್ರ ಹೋಗುತ್ತದೆ.

ಅದಕ್ಕೂ ಮೊದಲು ಆ ಹಾರ್ಡ್‌ಡಿಸ್ಕ್‌ನ ಇನ್ನೊಂದು ಪ್ರತಿ ಇವತ್ತೇ ಮಾಡಿ, ಬೇರೆ ಮನೆಯಲ್ಲಿ ಇಡಿ. ಎರಡು ಡಿಸ್ಕಿನಲ್ಲಿ ಒಂದೇ ಫೈಲ್ ಇಡುವ ರೇಡ್ ವ್ಯವಸ್ಥೆ ಇದ್ದರೂ ಅದು ಬ್ಯಾಕಪ್ ಅಲ್ಲ, ತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಮದುವೆಯದು ಡಿವಿಡಿಯಲ್ಲೂ ಇದ್ದರೆ ಮೇಕ್‌ಎಂಕೆವಿ ಅನ್ನೋ ಸಾಫ್ಟ್‌ವೇರ್‌ನಿಂದ ಗುಣಮಟ್ಟ ಕೆಡದ ಹಾಗೆ ಇಳಿಸಿಕೊಳ್ಳಿ, ಮನೆಯಲ್ಲಿ ಬರೆದ ಡಿಸ್ಕ್‌ಗಳು ಜಾಸ್ತಿ ವರ್ಷ ಬಾಳಲ್ಲ.

ಕ್ಯಾಸೆಟ್‌ಗೆ ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಯುಎಸ್‌ಬಿ ವಾಕ್‌ಮನ್ ಬೇಡ, ವೇಗ ನಿಲ್ಲಲ್ಲ, ಶ್ರುತಿ ಅಲ್ಲಾಡುತ್ತದೆ. ಒಳ್ಳೆಯ ಹಳೇ ಡೆಕ್, ಅದರ ಲೈನ್ ಔಟ್‌ನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ದನಿಯನ್ನು ಕಂಪ್ಯೂಟರಿಗೆ ತುಂಬಿಸುವ ಡಬ್ಬಿ), ಅಲ್ಲಿಂದ ಲ್ಯಾಪ್‌ಟಾಪಿನ ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್. ಮೊದಲು ಡೆಕ್ಕಿನಲ್ಲಿ ಟೇಪು ತಾಗುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಕಂದು ಬಣ್ಣ ಬರೋದು ನಿಲ್ಲುವ ತನಕ. ಟೇಪನ್ನು ಒಮ್ಮೆ ಪೂರ್ತಿ ಮುಂದೆ, ಒಮ್ಮೆ ಪೂರ್ತಿ ಹಿಂದೆ ಓಡಿಸಿ ಸಡಿಲ ಮಾಡಿ. ಆಡಾಸಿಟಿಯ ಮೀಟರಿನಲ್ಲಿ ದನಿಯ ಶಿಖರ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಇಡಿ. ಪಾರಿಜಾತದಲ್ಲಿ ಹಿಮ್ಮೇಳ ಒಮ್ಮೆಲೇ ಏರುತ್ತದೆ, ಅಲ್ಲಿ ಒಡೆದರೆ ಮತ್ತೆ ಸರಿ ಮಾಡೋಕೆ ಬರಲ್ಲ. ಹಿಸ್ಸ್ ಅನ್ನೋ ಸದ್ದು ತೆಗೆಯಲು ಹೋಗಬೇಡಿ, ಮೂಲ ಪ್ರತಿ ಹಾಗೇ ಇರಲಿ, ಬೇಕಾದರೆ ನಕಲಿನ ಮೇಲೆ ಮಾಡಿ. 90 ನಿಮಿಷದ ಒಂದು ಕ್ಯಾಸೆಟ್ ಸಿಡಿ ಗುಣಮಟ್ಟದಲ್ಲಿ 950 ಎಂಬಿ ಆಗುತ್ತದೆ, ಫ್ಲ್ಯಾಕ್ ಮಾಡಿದರೆ ಸುಮಾರು ಅರ್ಧ.

ಕಂಪನಿಯ ಕ್ಯಾಸೆಟ್ ಇನ್ನೊಬ್ಬರ ಹತ್ತಿರವೂ ಇರಬಹುದು. ಊರ ಜಾತ್ರೆಯಲ್ಲಿ, ಮನೆಯ ಅಂಗಳದಲ್ಲಿ ನಿಮ್ಮವರೇ ತುಂಬಿಸಿದ್ದು ಇರುತ್ತದಲ್ಲ, ಮೇಲೆ ಪೆನ್ನಿನಲ್ಲಿ ಬರೆದದ್ದು, ಅದು ಜಗತ್ತಿನಲ್ಲಿ ಒಂದೇ ಪ್ರತಿ. ಅವನ್ನು ಮೊದಲು ಇಳಿಸಿ. ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾರ ದನಿ, ಯಾವ ಊರಿನ ಮೇಳ ಅಂತ ಕೇಳಿ ಆಗಲೇ ಬರೆದುಕೊಳ್ಳಿ. ಡೆಕ್ ಸಿಗದಿದ್ದರೆ ಹೇಳಿ, ನಮ್ಮದು ಚಾಲೂ ಇದೆ, ಕ್ಯಾಸೆಟ್ ತಗೊಂಡು ಒಂದು ಭಾನುವಾರ ಜಮಖಂಡಿಗೆ ಬನ್ನಿ.