ಪುಸ್ತಕ ಓದಿದಿರೋ, ಸಿನಿಮಾ ನೋಡಿದಿರೋ?

ಪ್ರಿಯ ಲೇಖಕರೇ,

ಹೈಸ್ಕೂಲು ಮಕ್ಕಳ ಪುಸ್ತಕ ಪರಿಚಯದ ಪುಟಕ್ಕೆಂದು ಲೋಯಿಸ್ ಲೌರಿಯವರ ‘ದಿ ಗಿವರ್’ ಎಂಬ ಇಂಗ್ಲಿಷ್ ಕಾದಂಬರಿಯ ಬಗ್ಗೆ ನೀವು ಕಳಿಸಿದ ಲೇಖನ ತಲುಪಿದೆ. ಆಯ್ಕೆ ಒಳ್ಳೆಯದು, ಭಾಷೆಯೂ ಸರಾಗವಾಗಿದೆ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ತಿದ್ದಿ ಬರೆಯಬಲ್ಲವರು ಎನಿಸಿದವರಿಗೆ ಮಾತ್ರ ನಾನು ಇಷ್ಟುದ್ದದ ಪತ್ರ ಬರೆಯುತ್ತೇನೆ. ಉಳಿದವರಿಗೆ ಎರಡು ಸಾಲು ಸಾಕು.

ನನಗೆ ಅನುಮಾನ ಬಂದದ್ದು ಕಥಾನಾಯಕ ಜೋನಸ್‌ನ ಗೆಳೆಯ ಆಶರ್ ಡ್ರೋನ್ ಪೈಲಟ್ ಆಗುತ್ತಾನೆ ಎಂಬ ಸಾಲಿನಲ್ಲಿ. ಅದು 2014ರ ಸಿನಿಮಾದ ಆಶರ್. 1993ರಲ್ಲಿ ಬಂದ ಪುಸ್ತಕದಲ್ಲಿ ಅವನಿಗೆ ಸಿಗುವುದು ಆಟೋಟ ವಿಭಾಗದ ಸಹಾಯಕ ನಿರ್ದೇಶಕನ ಕೆಲಸ. ಅವರ ಗೆಳತಿ ಫಿಯೋನಾ ಕೂಡ ಪುಸ್ತಕದಲ್ಲಿ ಶಿಶುಗಳ ಆರೈಕೆಗೆ ಹೋಗುವುದಿಲ್ಲ, ವೃದ್ಧರ ಆರೈಕೆಗೆ ಹೋಗುತ್ತಾಳೆ. ಜೋನಸ್‌ನನ್ನು ನೀವು ಉದ್ದಕ್ಕೂ ‘ಯುವಕ’ ಎಂದೇ ಕರೆದಿದ್ದೀರಿ. ಕಥೆ ಶುರುವಾದಾಗ ಅವನು ಇನ್ನೂ ಹನ್ನೆರಡು ತುಂಬದ ಹುಡುಗ. ಸಿನಿಮಾ ಅವನ ವಯಸ್ಸನ್ನು ಏರಿಸಿತು. ನಮ್ಮ ಓದುಗರು ಎಂಟು, ಒಂಬತ್ತು, ಹತ್ತನೇ ತರಗತಿಯವರು; ತಮಗಿಂತ ಚಿಕ್ಕ ಹುಡುಗನೊಬ್ಬನ ಹೆಗಲಿಗೆ ಊರಿನವರೆಲ್ಲ ಮರೆತ ನೋವನ್ನು ಹೊರಿಸುತ್ತಾರೆ ಎಂಬುದೇ ಅವರನ್ನು ಪುಸ್ತಕದ ಹತ್ತಿರ ತರುವ ಸಂಗತಿ. ಅದನ್ನೇ ಕೈಬಿಟ್ಟಿರಿ.

ಸಿನಿಮಾ ನೋಡಿ ಪುಸ್ತಕದ ಬಗ್ಗೆ ಬರೆಯುವುದರಿಂದ ಆಗುವ ದೊಡ್ಡ ನಷ್ಟ ಹೆಸರು, ಹುದ್ದೆಗಳ ತಪ್ಪಲ್ಲ. ಇದು ನಿಮಗೊಬ್ಬರಿಗೇ ಬರೆದ ಪತ್ರ, ಮಕ್ಕಳ ಪುಟವಲ್ಲ. ಹಾಗಾಗಿ ಬಿಡಿಸಿ ಹೇಳುತ್ತೇನೆ. ಸಿನಿಮಾ ಕಪ್ಪು ಬಿಳುಪಿನಲ್ಲಿ ಶುರುವಾಗುತ್ತದೆ. ಆ ಊರಿನಲ್ಲಿ ಬಣ್ಣವಿಲ್ಲ ಎಂಬುದನ್ನು ಪ್ರೇಕ್ಷಕ ಕುಳಿತ ಕೂಡಲೇ ಕಂಡುಕೊಳ್ಳುತ್ತಾನೆ. ಪುಸ್ತಕದಲ್ಲಿ ಲೌರಿ ಏನು ಮಾಡುತ್ತಾರೆ ನೋಡಿ. ಜೋನಸ್ ಮತ್ತು ಆಶರ್ ಸೇಬೊಂದನ್ನು ಎಸೆದು ಹಿಡಿಯುವ ಆಟ ಆಡುತ್ತಿರುತ್ತಾರೆ. ಗಾಳಿಯಲ್ಲಿರುವಾಗ ಸೇಬು ಕ್ಷಣಮಾತ್ರ ‘ಬದಲಾಗುತ್ತದೆ’. ಏನು ಬದಲಾಯಿತು ಎಂದು ಹೇಳಲು ಹುಡುಗನಿಗೆ ತಿಳಿಯದು. ಸೇಬನ್ನು ಮನೆಗೆ ಒಯ್ದು ಭೂತಗನ್ನಡಿಯಲ್ಲಿ ನೋಡುತ್ತಾನೆ, ಅಲ್ಲೂ ಏನೂ ಇಲ್ಲ. ಮುಂದೆ ಫಿಯೋನಾಳ ಕೂದಲು ಹಾಗೆಯೇ ಬದಲಾಗುತ್ತದೆ. ಇಪ್ಪತ್ತಮೂರು ಅಧ್ಯಾಯಗಳ ಪುಸ್ತಕದ ಹನ್ನೆರಡನೆಯ ಅಧ್ಯಾಯಕ್ಕೆ ಬಂದಾಗಷ್ಟೇ ನೆನಪುಗಳನ್ನು ಕಾಯುವ ಮುದುಕ ಅವನಿಗೆ ಹೇಳುತ್ತಾನೆ: ನೀನು ಕಂಡದ್ದು ಕೆಂಪು. ಅಲ್ಲಿಯವರೆಗೆ ಓದುಗ ತನ್ನ ಮನಸ್ಸಿನಲ್ಲಿ ಆ ಊರಿಗೆ ಧಾರಾಳವಾಗಿ ಹಸಿರು, ನೀಲಿ ಬಳಿದಿರುತ್ತಾನೆ. ಲೌರಿ ಎಲ್ಲೂ ಸುಳ್ಳು ಹೇಳಿಲ್ಲ, ಬಣ್ಣದ ಮಾತನ್ನೇ ಎತ್ತಿಲ್ಲ, ಅಷ್ಟೇ. ಹದಿಮೂರರ ಮಗುವೊಂದು ಅಲ್ಲಿ ಪುಸ್ತಕ ಮಡಚಿ, ಹಿಂದಿನ ಪುಟಗಳನ್ನು ತಿರುವಿ ‘ಹೌದಲ್ಲ!’ ಎನ್ನುವ ಸಂತೋಷವನ್ನು ನೀವು ಎರಡನೇ ಪ್ಯಾರಾದಲ್ಲೇ ಕಸಿದುಕೊಂಡಿದ್ದೀರಿ. ಒಗಟು ಹಾಕುವ ಮೊದಲೇ ಉತ್ತರ ಕೂಗಿದ ಹಾಗಾಯಿತು.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ‘ಬಿಡುಗಡೆ’ ಎಂದು ಆ ಊರಿನವರು ಕರೆಯುವುದು ಏನನ್ನು ಎಂಬುದನ್ನೂ ಬಯಲು ಮಾಡಿ, ಕೊನೆಯ ಅಧ್ಯಾಯದ ಹಿಮದ ಇಳಿಜಾರಿನಲ್ಲಿ ಜೋನಸ್‌ಗೆ ಏನಾಯಿತು ಎಂದು ತೀರ್ಪನ್ನೂ ಕೊಟ್ಟಿದ್ದೀರಿ. ಲೇಖಕಿ ಬೇಕೆಂದೇ ತೆರೆದಿಟ್ಟ ಮುಕ್ತಾಯವದು. ಓದಿದ ಇಬ್ಬರು ಮಕ್ಕಳು ಅದರ ಬಗ್ಗೆ ಜಗಳವಾಡಲಿ, ನೀವು ನಡುವೆ ಹೋಗಬೇಡಿ. ಶಿಶುವೊಂದಕ್ಕೆ ಸಂಬಂಧಿಸಿದ ಕಠೋರ ದೃಶ್ಯವೊಂದು ಪುಸ್ತಕದಲ್ಲಿದೆ ಎಂಬ ಎಚ್ಚರಿಕೆ ಮಾತ್ರ ಅಗತ್ಯ. ಅಮೆರಿಕದ ಶಾಲೆಗಳಲ್ಲಿ ಪಾಲಕರು ಈ ಪುಸ್ತಕಕ್ಕೆ ಮತ್ತೆ ಮತ್ತೆ ಆಕ್ಷೇಪ ಎತ್ತಿದ್ದಾರೆ. ಎಚ್ಚರಿಕೆಗೆ ಒಂದು ಸಾಲು ಸಾಕು, ದೃಶ್ಯದ ವಿವರ ಬೇಡ.

ಇನ್ನು ನಿಮ್ಮ ಪೀಠಿಕೆ. ವೈಜ್ಞಾನಿಕ ಕಾದಂಬರಿ ಎಂದರೇನು, ಕೃತಕ ಬುದ್ಧಿಮತ್ತೆ ಎತ್ತ ಸಾಗಿದೆ, ಇಂದಿನ ಮಕ್ಕಳು ಮೊಬೈಲಿನಲ್ಲಿ ಹೇಗೆ ಮುಳುಗಿದ್ದಾರೆ ಎಂದು ಒಂದೂವರೆ ಪುಟ. ಓದು ಎಂದು ಕರೆದು ಬಾಗಿಲಲ್ಲೇ ಬೈದರೆ ಯಾವ ಹುಡುಗಿ ಒಳಗೆ ಬರುತ್ತಾಳೆ? ಆ ಭಾಗ ನೀವು ಅವರ ಅಪ್ಪ ಅಮ್ಮಂದಿರಿಗೆ ಬರೆದದ್ದು. ಪೂರ್ತಿ ತೆಗೆಯಿರಿ.

ಅದರ ಬದಲು ಕಣ್ಣೆದುರೇ ಇದ್ದ ಬಾಗಿಲನ್ನು ತೆರೆಯಬಹುದಿತ್ತು. ಜೋನಸ್‌ನ ಊರಿನಲ್ಲಿ ಪ್ರತಿ ಡಿಸೆಂಬರ್‌ನಲ್ಲಿ ಸಮಾರಂಭ ನಡೆಯುತ್ತದೆ. ಒಂಬತ್ತರ ಮಕ್ಕಳಿಗೆ ಸೈಕಲ್ ಸಿಗುತ್ತದೆ. ಹನ್ನೆರಡರವರಿಗೆ ಜೀವಮಾನದ ಉದ್ಯೋಗವನ್ನು ಹಿರಿಯರ ಸಮಿತಿ ಘೋಷಿಸುತ್ತದೆ, ಮಗುವನ್ನು ಯಾರೂ ಕೇಳುವುದಿಲ್ಲ. ಹತ್ತನೇ ತರಗತಿ ಮುಗಿಸಿ ಪಿಯುಸಿಯಲ್ಲಿ ಸೈನ್ಸೋ ಕಾಮರ್ಸೋ ಎಂದು ಮನೆಮಂದಿಯೆಲ್ಲ ಸೇರಿ ತೀರ್ಮಾನಿಸುವುದನ್ನು ಮೂಲೆಯಲ್ಲಿ ಕುಳಿತು ಕೇಳಿಸಿಕೊಂಡ ನಮ್ಮ ಓದುಗನಿಗೆ ಇದಕ್ಕಿಂತ ಹೆಚ್ಚಿನ ಪರಿಚಯ ಬೇಕೆ? ಅಲ್ಲಿಂದ ಶುರು ಮಾಡಿ. ಆ ಊರು ಕ್ರೂರವಾದ ಊರಲ್ಲ, ಹಸಿವಿಲ್ಲ, ಯುದ್ಧವಿಲ್ಲ, ರಾತ್ರಿ ಊಟದ ಹೊತ್ತಿಗೆ ಎಲ್ಲರೂ ತಮ್ಮ ಮನಸ್ಸಿನ ಭಾವನೆಗಳನ್ನು ಹಂಚಿಕೊಳ್ಳುವ ನಿಯಮವಿದೆ ಎಂದೂ ಹೇಳಿ. ಮೊದಲ ಕೆಲವು ಅಧ್ಯಾಯಗಳಲ್ಲಿ ನಮಗೂ ಅಲ್ಲಿ ಹೋಗಿ ಇರಬೇಕೆನಿಸುತ್ತದೆ. ಹಾಗೆನಿಸದಿದ್ದರೆ ಮುಂದಿನದು ಚುಚ್ಚುವುದಿಲ್ಲ.

ಲೇಖಕಿಯ ಪರಿಚಯದಲ್ಲಿ ಪ್ರಶಸ್ತಿಗಳ ಯಾದಿ ಕೊಟ್ಟಿದ್ದೀರಿ. ಮಕ್ಕಳ ಸಾಹಿತ್ಯಕ್ಕೆ ಅಮೆರಿಕದಲ್ಲಿ ಕೊಡುವ ನ್ಯೂಬೆರಿ ಪದಕ (1994) ಒಂದನ್ನು ಉಳಿಸಿ, ಉಳಿದದ್ದನ್ನು ಬಿಡಿ. ಆ ಪದಕ ಸ್ವೀಕರಿಸುವಾಗ ಲೌರಿ ಮಾಡಿದ ಭಾಷಣದಲ್ಲಿ ನಿಮಗೆ ಬೇಕಾದದ್ದಿದೆ. ಯುದ್ಧಾನಂತರದ ಟೋಕಿಯೋದಲ್ಲಿ ಅವರ ಕುಟುಂಬ ಅಮೆರಿಕನ್ನರೇ ತುಂಬಿದ್ದ ಬಡಾವಣೆಯಲ್ಲಿತ್ತು. ಹನ್ನೊಂದರ ಹುಡುಗಿ ಮನೆಯವರಿಗೆ ಹೇಳದೆ ಸೈಕಲ್ ಏರಿ ಬೇಲಿ ದಾಟಿ ಶಿಬುಯಾದ ಗದ್ದಲದೊಳಗೆ ಹೋಗುತ್ತಿದ್ದಳು. ಮುಂದೆ ಮುಪ್ಪಿನಲ್ಲಿ ನೆನಪು ಕಳೆದುಕೊಳ್ಳುತ್ತಿದ್ದ ತಂದೆ, ತಮ್ಮ ಇನ್ನೊಬ್ಬ ಮಗಳು ತೀರಿಕೊಂಡದ್ದನ್ನೇ ಮರೆತಿದ್ದರು. ಸುರಕ್ಷಿತವಾದ ಊರು, ಅಳಿಸಿಹೋದ ನೋವು: ಕಾದಂಬರಿಯ ಬೇರುಗಳು ಇಲ್ಲಿವೆ. ನಾಲ್ಕು ಸಾಲಿನಲ್ಲಿ ಬರೆಯಬಹುದು.

‘ಎಲ್ಲರೂ ಓದಲೇಬೇಕು’ ಎಂಬ ಸಾಲನ್ನು ಹೊಡೆದುಹಾಕಿದ್ದೇನೆ. ಎಲ್ಲರಿಗೂ ಹಿಡಿಸುವ ಪುಸ್ತಕ ಇದಲ್ಲ. ರಾಕೆಟ್ಟು, ರೋಬಾಟು ಬಯಸುವವರಿಗೆ ಇಲ್ಲಿ ಏನೂ ಸಿಗದು. ಹವಾಮಾನವನ್ನು ಹೇಗೆ ಹತೋಟಿಗೆ ತಂದರು, ಒಬ್ಬರ ನೆನಪು ಇನ್ನೊಬ್ಬರಿಗೆ ಬೆನ್ನ ಮೇಲೆ ಕೈಯಿಟ್ಟರೆ ಹೇಗೆ ದಾಟುತ್ತದೆ ಎಂಬುದಕ್ಕೆ ಲೌರಿ ವಿವರಣೆ ಕೊಡುವ ಗೋಜಿಗೇ ಹೋಗುವುದಿಲ್ಲ. ವಿಜ್ಞಾನದ ಲೆಕ್ಕ ಕೇಳುವ ಹುಡುಗನಿಗೆ ಸಿಟ್ಟೇ ಬರಬಹುದು, ನನಗೂ ಸ್ವಲ್ಪ ಬಂದಿತ್ತು. ಇದನ್ನು ಮರೆಮಾಚದೆ ಬರೆಯಿರಿ. ಕೊರತೆ ಹೇಳಿದವರ ಶಿಫಾರಸನ್ನು ಮಕ್ಕಳು ನಂಬುತ್ತಾರೆ. ಪುಸ್ತಕ ಇನ್ನೂರು ಪುಟಗಳ ಆಸುಪಾಸಿನದು, ವಾಕ್ಯಗಳು ಚಿಕ್ಕವು, ಕನ್ನಡ ಮಾಧ್ಯಮದ ಒಂಬತ್ತನೇ ತರಗತಿಯವರು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಬಹುದು ಎಂಬುದನ್ನೂ ಸೇರಿಸಿ. ಇದೇ ಸರಣಿಯಲ್ಲಿ ಇನ್ನೂ ಮೂರು ಪುಸ್ತಕಗಳು 2012ರವರೆಗೆ ಬಂದಿವೆ. ಅವುಗಳ ಕಥೆ ಮಾತ್ರ ಬೇಡ. ನೀವೀಗ ಕೊಟ್ಟ ಸಾರಾಂಶವನ್ನು ಓದಿದರೆ ಮೊದಲ ಪುಸ್ತಕದ ಮುಕ್ತಾಯ ಅಲ್ಲೇ ಸೋರಿಹೋಗುತ್ತದೆ.

ಪುಸ್ತಕವನ್ನು ಕೈಗೆತ್ತಿಕೊಂಡು ಕೊನೆಯವರೆಗೆ ಓದಿ, ಐನೂರು ಪದಗಳ ಒಳಗೆ ಹೊಸದಾಗಿ ಬರೆದು ಕಳಿಸಿ. ಹಳೆಯ ಪ್ರತಿಯನ್ನು ತಿದ್ದಿ ಕಳಿಸಬೇಡಿ. ಲೇಖನದ ಜೊತೆ ಸಿನಿಮಾದ ಚಿತ್ರವೂ ಬೇಡ, ಪುಸ್ತಕದ ಮುಖಪುಟ ಸಾಕು.

ಇಂತಿ,
ಸಂಪಾದಕ