ಗೆಳತಿಯ ಜೊತೆ ಪ್ರವಾಸ ಹೋದಾಗ ಹೊಸ ಥರದ ಬಟ್ಟೆ ಹಾಕಿ ನೋಡುವುದು ಹೇಗೆ? ಏನು ಒಯ್ಯಬೇಕು, ಏನು ಹಂಚಿಕೊಳ್ಳಬಹುದು?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾಗಿದ್ದು ಇಷ್ಟು. ಇಲ್ಲಿಯವರೆಗೆ ಜೀನ್ಸ್, ಟೀ ಶರ್ಟ್ ಬಿಟ್ಟು ಬೇರೆ ಹೆಚ್ಚಾಗಿ ಹಾಕಿಲ್ಲ. ಗೆಳತಿಯ ಜೊತೆ ಆರು ದಿನ ಹೊರಟಿದ್ದೀರಿ, ಗುರುತಿನವರು ಯಾರೂ ಇಲ್ಲದ ಜಾಗದಲ್ಲಿ ಬೇರೆ ಥರ ಹಾಕಿ ನೋಡೋಣ ಅನ್ನಿಸಿದೆ. ಇಬ್ಬರೂ ಬಟ್ಟೆ ಹಂಚಿಕೊಂಡರೆ ಆಗುತ್ತದೆಯೇ, ಅಲ್ಲೇ ಹೊಸದು ಕೊಳ್ಳಬಹುದೇ ಎಂದೂ ಕೇಳಿದ್ದೀರಿ.

ಆರು ದಿನಕ್ಕೆ ಆರು ಹೊಸ ಜೊತೆ ಬಟ್ಟೆ ಒಯ್ಯಲೇಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ತಲೆಯಿಂದ ಕಾಲಿನವರೆಗೆ ಎಲ್ಲವೂ ಹೊಸದಾಗಿದ್ದರೆ, ಸಂಜೆ ಹೊತ್ತಿಗೆ ಮೈಮೇಲೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಆದರೆ ತೊಂದರೆ ಪ್ಯಾಂಟಿನದೋ, ಕತ್ತಿನ ಆಕಾರದ್ದೋ, ಶೂವಿನದೋ ಗೊತ್ತಾಗುವುದಿಲ್ಲ. 'ನನಗೆ ಇದೆಲ್ಲ ಒಪ್ಪುವುದಿಲ್ಲ' ಎಂದುಕೊಂಡು ಹಳೆಯ ಜೀನ್ಸಿಗೇ ವಾಪಸಾಗುತ್ತೀರಿ. ದಿನಕ್ಕೆ ಒಂದೇ ಬದಲಾವಣೆ ಸಾಕು, ಉಳಿದದ್ದೆಲ್ಲ ಮೈಗೆ ಒಗ್ಗಿದ ಬಟ್ಟೆಯೇ ಇರಲಿ.

ಜೀನ್ಸ್, ಟೀ ಶರ್ಟ್ ಅಭ್ಯಾಸದವರಿಗೆ ನಾನು ಮೊದಲು ಹೇಳುವುದು ಪ್ಯಾಂಟಿನ ಆಕಾರ ಬದಲಿಸಿ ಎಂದು. ಟೀ ಶರ್ಟ್ ಅದೇ ಇರಲಿ, ಕೆಳಗೆ ಸೊಂಟದ ಮೇಲೆ ನಿಲ್ಲುವ, ಕಾಲು ಅಗಲವಾಗಿರುವ ಪ್ಯಾಂಟು ಹಾಕಿ, ಟೀ ಶರ್ಟನ್ನು ಒಳಗೆ ಸೇರಿಸಿ. ಟೀ ಶರ್ಟ್ ಸೊಂಟ ದಾಟಿ ಇಳಿಬಿದ್ದಾಗ ಮೈ ಸರಿಯಾಗಿ ಅರ್ಧಕ್ಕೆ ಕತ್ತರಿಸಿದ ಹಾಗೆ ಕಾಣುತ್ತದೆ. ಒಳಗೆ ಸೇರಿಸಿದರೆ ಮೇಲೆ ಒಂದು ಪಾಲು, ಕೆಳಗೆ ಎರಡು ಪಾಲು ಆಗುತ್ತದೆ. ಒಂದು ಹೊಸ ಬಟ್ಟೆಯಿಂದ ಇಡೀ ಆಕಾರವೇ ಬದಲಾಗುತ್ತದೆ, ಮೈಗೆ ತಾಗುವ ಮೇಲಿನ ಬಟ್ಟೆ ಮಾತ್ರ ಪರಿಚಿತವಾಗೇ ಉಳಿಯುತ್ತದೆ. ಅಗಲ ಕಾಲಿನ ಪ್ಯಾಂಟಿನ ಉದ್ದವನ್ನು ಮಾತ್ರ ಪ್ರವಾಸದಲ್ಲಿ ಹಾಕುವ ಶೂ ಹಾಕಿಕೊಂಡೇ ಅಳೆಯಬೇಕು. ಅಂಚು ನೆಲದಿಂದ 1ರಿಂದ 1.5 ಸೆಂ.ಮೀ. ಮೇಲಿರಲಿ. ನೆಲಕ್ಕೆ ತಾಗಿದರೆ ಒದ್ದೆ ರಸ್ತೆಯಲ್ಲಿ ಅಂಚು ನೀರು ಹೀರಿಕೊಳ್ಳುತ್ತದೆ, ಹೀರಿದ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲೇರುತ್ತದೆ.

ಲೆಕ್ಕಕ್ಕೆ ಬರೋಣ. ಒಬ್ಬರಿಗೆ ನಾಲ್ಕು ಟಾಪ್, ಎರಡು ಪ್ಯಾಂಟ್ ಅಥವಾ ಸ್ಕರ್ಟ್, ಮೇಲೆ ಹಾಕಲು ಒಂದು ಜಾಕೆಟ್ ಅಥವಾ ತೆರೆದು ಹಾಕುವ ಶರ್ಟ್, ಎರಡು ಜೊತೆ ಪಾದರಕ್ಷೆ. ನಾಲ್ಕನ್ನು ಎರಡರಿಂದ ಗುಣಿಸಿದರೆ ಎಂಟು ಜೋಡಿ, ಜಾಕೆಟ್ ಹಾಕಿದ್ದು ಹಾಕದ್ದು ಎಂದು ಎಣಿಸಿದರೆ ಹದಿನಾರು. ಆದರೆ ಪ್ರತಿ ಟಾಪೂ ಎರಡೂ ಪ್ಯಾಂಟಿಗೆ ಹೊಂದಿದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿ ಒಂದೊಂದೇ ಜೋಡಿಸಿ ನೋಡಿ. ಒಂದೇ ಪ್ಯಾಂಟಿಗೆ ಹೊಂದುವ ಟಾಪನ್ನು, ಎಷ್ಟೇ ಇಷ್ಟವಾದರೂ, ಮನೆಯಲ್ಲೇ ಬಿಡಿ. ಈ ಆರರಲ್ಲಿ ಹೊಸ ಥರದವು ಎರಡು ಇದ್ದರೆ ಸಾಕು: ಒಂದು ಟಾಪ್, ಒಂದು ಪ್ಯಾಂಟ್.

ವಿಮಾನವಾದರೆ ತೂಕವನ್ನೂ ನೋಡಿ. ಕೈಚೀಲಕ್ಕೆ 7 ಕೆಜಿ ಮಿತಿ ಇಡುವ ವಿಮಾನಗಳು ಬಹಳ. ಚಕ್ರದ ಖಾಲಿ ಪೆಟ್ಟಿಗೆಯೇ 2ರಿಂದ 3 ಕೆಜಿ ತೂಗುತ್ತದೆ. ಟೀ ಶರ್ಟ್ 150ರಿಂದ 200 ಗ್ರಾಂ, ದಪ್ಪ ಜೀನ್ಸ್ 600ರಿಂದ 800 ಗ್ರಾಂ. ಅಂದರೆ ಒಂದು ಜೀನ್ಸ್ ಬಿಟ್ಟರೆ ನಾಲ್ಕು ಟೀ ಶರ್ಟಿಗೆ ಜಾಗ. ಭಾರದ ಪ್ಯಾಂಟು, ಜಾಕೆಟ್, ಶೂ ಇವನ್ನು ಪ್ರಯಾಣದ ದಿನ ಮೈಮೇಲೇ ಹಾಕಿಕೊಳ್ಳಿ.

ಹೊಸ ಬಟ್ಟೆಯನ್ನು ಹೊರಡುವ ಮುಂಚೆ ಮನೆಯಲ್ಲಿ ಮೂರು ನಾಲ್ಕು ಗಂಟೆ ಹಾಕಿಕೊಂಡಿರಿ. ನೆಲದ ಮೇಲೆ ಕೂತು ಏಳಿ, ಮೆಟ್ಟಿಲು ಹತ್ತಿ, ಎರಡೂ ಕೈ ಮೇಲೆತ್ತಿ ಅಟ್ಟದ ಮೇಲೆ ಏನಾದರೂ ಇಡಿ. ಮುಖ್ಯವಾಗಿ, ಬೆನ್ನಿಗೆ ಹಾಕುವ ಬ್ಯಾಗನ್ನು ಹಾಕಿಕೊಂಡೇ ನೋಡಿ. ಬ್ಯಾಗಿನ ಪಟ್ಟಿ ಅಗಲ ಕತ್ತಿನ ಟಾಪನ್ನು ಒಂದು ಭುಜದಿಂದ ಜಾರಿಸುತ್ತದೆ, ಲಿನನ್ ಶರ್ಟಿನ ಭುಜವನ್ನು ಅರ್ಧ ಗಂಟೆಯಲ್ಲಿ ಮುದುಡಿಸುತ್ತದೆ, ಹೆಣೆದ ಸ್ವೆಟರಿನ ಮೇಲೆ ಉಜ್ಜಿ ಉಜ್ಜಿ ನೂಲಿನ ಸಣ್ಣ ಉಂಡೆ ಎಬ್ಬಿಸುತ್ತದೆ. ಕನ್ನಡಿ ಮುಂದೆ ನಿಂತಾಗ ಇದ್ಯಾವುದೂ ಕಾಣುವುದಿಲ್ಲ.

ಈಗ ಗೆಳತಿಯ ವಿಷಯ. ಇಡೀ ಪ್ರವಾಸದಲ್ಲಿ ನಿಮಗೆ ನಿಜಕ್ಕೂ ಸಿಗುವ ದೊಡ್ಡ ಲಾಭ ಇದು: ಬೆಳಗಿನಿಂದ ರಾತ್ರಿವರೆಗೆ ನಿಮ್ಮನ್ನು ಹಿಂದೆ, ಮುಂದೆ, ಪಕ್ಕದಿಂದ, ನಡೆಯುವಾಗ, ಸುಸ್ತಾದಾಗ ನೋಡುವ ಎರಡು ಕಣ್ಣು. ಆದರೆ 'ಹೇಗಿದೆ?' ಎಂದು ಕೇಳಿದರೆ ಆ ಲಾಭ ಸಿಗುವುದಿಲ್ಲ. 'ಚೆನ್ನಾಗಿದೆ ಕಣೇ' ಎಂಬ ಉತ್ತರ ಬರುತ್ತದೆ, ಇಲ್ಲವೇ ಅವರಿಗೆ ಇಷ್ಟವಾದದ್ದನ್ನು ನಿಮಗೂ ಹೇಳುತ್ತಾರೆ. ಅದರ ಬದಲು ಒಂದು ಕೆಲಸ ಒಪ್ಪಿಸಿ: ಹೊರಟಾಗಿನಿಂದ ಮಧ್ಯಾಹ್ನದವರೆಗೆ ನೀವು ಬಟ್ಟೆಯನ್ನು ಎಷ್ಟು ಸಲ ಎಳೆದುಕೊಳ್ಳುತ್ತೀರಿ, ಎಲ್ಲಿ ಎಳೆದುಕೊಳ್ಳುತ್ತೀರಿ ಎಂದು ಎಣಿಸಲಿ. ನಿಮ್ಮ ಕೈ ಎಲ್ಲಿಗೆ ಹೋಗುತ್ತಿದೆ ಎಂಬುದು ನಿಮಗೆ ಗೊತ್ತೇ ಇರುವುದಿಲ್ಲ. ಪಕ್ಕದಲ್ಲಿ ನಡೆಯುವವರಿಗೆ ಅದು ಮೊದಲು ಕಾಣುತ್ತದೆ.

ಕೈ ಹೋಗುವ ಜಾಗವೇ ತಪ್ಪು ಎಲ್ಲಿದೆ ಎಂದು ಹೇಳುತ್ತದೆ. ಟಾಪಿನ ಕೆಳಗಂಚನ್ನು ಪದೇ ಪದೇ ಕೆಳಗೆಳೆಯುತ್ತಿದ್ದರೆ ಅದು ಸೊಂಟದ ಕೆಳಭಾಗದಲ್ಲಿ ಬಿಗಿಯಾಗಿದೆ, ನಡೆದಂತೆಲ್ಲ ಅಗಲದ ಜಾಗ ಬಿಟ್ಟು ಕಿರಿದಾದ ಜಾಗಕ್ಕೆ ಏರುತ್ತಿದೆ. ಪಕ್ಕದ ಹೊಲಿಗೆಯನ್ನು ಕೆಳಗಿನಿಂದ 5 ಸೆಂ.ಮೀ. ಬಿಚ್ಚಿ ಸೀಳು ಬಿಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ. ಪ್ಯಾಂಟನ್ನು ಮೇಲೆತ್ತುತ್ತಿದ್ದರೆ ಸೊಂಟ ಸಡಿಲ, ಯಾವ ಟೈಲರ್ ಬೇಕಾದರೂ ಹಿಡಿದುಕೊಡುತ್ತಾರೆ. ಕುತ್ತಿಗೆಯನ್ನು ಹಿಂದಕ್ಕೆ ಎಳೆಯುತ್ತಿದ್ದರೆ ಕತ್ತು ಅಗಲವಾಗಿದೆ, ಅದನ್ನು ಕಿರಿದು ಮಾಡುವುದು ಕಷ್ಟ. ಇನ್ನು ಭುಜ. ತೋಳಿನ ಹೊಲಿಗೆ ಭುಜದ ಮೂಳೆಯ ತುದಿಗೆ ಸರಿಯಾಗಿ ಕೂರಬೇಕು. ಬೆರಳಿಟ್ಟು ನೋಡಿ, ಮೂಳೆ ಕೈಗೆ ಸಿಗುತ್ತದೆ. ಹೊಲಿಗೆ ಅದಕ್ಕಿಂತ ಒಳಗಿದ್ದರೆ ಕೈ ಎತ್ತಿದಾಗ ಇಡೀ ಅಂಗಿ ಮೇಲೇಳುತ್ತದೆ. ಬೇಕೆಂದೇ ಸಡಿಲವಾಗಿ ಹೊಲಿದದ್ದಲ್ಲದೆ ಹೊಲಿಗೆ ಹೊರಗೆ ಜಾರಿದ್ದರೆ ತೋಳಿನ ಮೇಲೆ ಅಡ್ಡ ಮಡಿಕೆ ಬೀಳುತ್ತದೆ. ಭುಜ ಸರಿಮಾಡಬೇಕೆಂದರೆ ತೋಳನ್ನೇ ಬಿಚ್ಚಿ ಮತ್ತೆ ಕೂರಿಸಬೇಕು, ಸಾಧಾರಣ ಬಟ್ಟೆಗೆ ಅಷ್ಟು ಖರ್ಚು ಮಾಡುವುದು ದಂಡ. ಎಳೆದಾಟ ಎರಡು ಮೂರು ಸಲಕ್ಕೆ ನಿಂತಿದ್ದರೆ ಆ ಬಟ್ಟೆ ನಿಮ್ಮದು. ಇಪ್ಪತ್ತು ಸಲ ಆಗಿದ್ದರೆ ಫೋಟೋದಲ್ಲಿ ಎಷ್ಟೇ ಚೆನ್ನಾಗಿ ಬಂದರೂ ಬೇಡ.

ಫೋಟೋ ಎಂದೆನಲ್ಲ, ಅದಕ್ಕೂ ಗೆಳತಿ ಬೇಕು. ಹತ್ತಿರದಿಂದ, ಮುಖದ ಎತ್ತರದಲ್ಲಿ ಮೊಬೈಲ್ ಹಿಡಿದು ತೆಗೆದರೆ ತಲೆ ದೊಡ್ಡದಾಗಿ ಕಾಲು ಗಿಡ್ಡವಾಗಿ ಕಾಣುತ್ತದೆ, ಅದನ್ನು ನೋಡಿ ಒಳ್ಳೆಯ ಪ್ಯಾಂಟನ್ನು ಬೈಯುವುದು ಅನ್ಯಾಯ. ಅವರು ಸುಮಾರು 3 ಮೀಟರ್ ದೂರ ನಿಂತು, ಮೊಬೈಲನ್ನು ನಿಮ್ಮ ಹೊಕ್ಕುಳಿನ ಎತ್ತರಕ್ಕೆ ನೇರವಾಗಿ ಹಿಡಿದು, ಎರಡು ಪಟ್ಟು ಜೂಮ್ ಮಾಡಿ ತೆಗೆಯಲಿ. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಒಂದೊಂದು, ನಡೆಯುವಾಗ ಒಂದು. ಬಿಸಿಲಿಗಿಂತ ನೆರಳು ಒಳ್ಳೆಯದು. ತೆಗೆದ ಕೂಡಲೇ ನೋಡಿ ಅಳಿಸಬೇಡಿ, ರಾತ್ರಿ ಇಬ್ಬರೂ ಕೂತು ನೋಡಿ.

ಬಟ್ಟೆ ಹಂಚಿಕೊಳ್ಳಬಹುದು, ಎಲ್ಲವನ್ನೂ ಅಲ್ಲ. ತೆರೆದು ಹಾಕುವ ಶರ್ಟ್, ಶಾಲು, ಸ್ಕಾರ್ಫ್, ಬೆಲ್ಟ್, ಬ್ಯಾಗ್, ಲಾಡಿ ಇರುವ ಸ್ಕರ್ಟ್ ಇವು ಸ್ವಲ್ಪ ಅಳತೆ ಆಚೀಚೆ ಆದರೂ ನಡೆಯುತ್ತವೆ. ಜಾಕೆಟ್ ಹಂಚಿಕೊಳ್ಳುವುದಾದರೆ ಚೀಟಿಯ ಮೇಲಿನ ಸೈಜ್ ನಂಬಬೇಡಿ, ಒಂದೊಂದು ಕಂಪನಿಯದು ಒಂದೊಂದು ಥರ. ಟೇಪು ಹಿಡಿದು ಭುಜದಿಂದ ಭುಜಕ್ಕೆ ಅಳೆಯಿರಿ, ಇಬ್ಬರ ನಡುವೆ 2 ಸೆಂ.ಮೀ. ಒಳಗಿನ ವ್ಯತ್ಯಾಸವಾದರೆ ತೊಂದರೆಯಿಲ್ಲ. ಮೈಗಂಟುವ ಸ್ಪ್ಯಾಂಡೆಕ್ಸ್ ಬಟ್ಟೆ ದೊಡ್ಡ ಮೈಯವರು ಹಾಕಿದರೆ ಹಿಗ್ಗಿ ಮೊದಲಿನಂತಾಗದೆ ಉಳಿಯಬಹುದು. ಶೂ ಅಂತೂ ಬೇಡವೇ ಬೇಡ, ಒಳಗಿನ ಹಾಸು ಹಾಕಿದವರ ಪಾದಕ್ಕೆ ತಕ್ಕಂತೆ ಅಚ್ಚೊತ್ತಿರುತ್ತದೆ. ಕಿವಿಯೋಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಯೇ ಬದಲಿಸಿ. ಕಲೆಯಾದರೆ ಯಾರು ಒಗೆಸುವುದು, ಯಾವುದನ್ನು ಕೇಳಲೇಬಾರದು ಎಂಬುದನ್ನು ಹೊರಡುವ ಮುಂಚೆಯೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಅಲ್ಲಿ ಹೋದ ಮೇಲೆ ಈ ಮಾತು ಎತ್ತುವುದು ಇಬ್ಬರಿಗೂ ಕಷ್ಟ.

ಹೊಸ ಕಡುನೀಲಿ ಜೀನ್ಸ್ ಒಯ್ಯುತ್ತಿದ್ದರೆ ಒಂದು ಪರೀಕ್ಷೆ ಮಾಡಿ. ಬಿಳಿ ಕರವಸ್ತ್ರ ಸ್ವಲ್ಪ ಒದ್ದೆ ಮಾಡಿ, ತೊಡೆಯ ಒಳಭಾಗದಲ್ಲಿ ಹತ್ತು ಸಲ ಉಜ್ಜಿ. ಕರವಸ್ತ್ರ ನೀಲಿಯಾದರೆ ಗೆಳತಿಯ ತಿಳಿಬಣ್ಣದ ಬ್ಯಾಗೂ ನೀಲಿಯಾಗುತ್ತದೆ. ಜೀನ್ಸಿನ ಇಂಡಿಗೋ ಬಣ್ಣ ನೂಲಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲ, ಹೆಚ್ಚಿನದು ಮೇಲ್ಮೈಯಲ್ಲೇ ಕೂತಿರುತ್ತದೆ. ಉಜ್ಜಿದರೆ ಬರುವುದು ಅದಕ್ಕೇ.

ಬಟ್ಟೆಯ ಜಾತಿ ನೋಡಿ ಆರಿಸಿದರೆ ಅರ್ಧ ತಲೆನೋವು ಕಡಿಮೆ. ಹತ್ತಿ, ಲಿನನ್ ತೇವಕ್ಕೆ ಬೇಗ ಸುಕ್ಕಾಗುತ್ತವೆ, ತೇವದಿಂದಲೇ ಬಿಡಿಸಿಕೊಳ್ಳುತ್ತವೆ. ರಾತ್ರಿ ತೂಗುಹಾಕಿ, ನೀರು ಚಿಮುಕಿಸಿ, ಅಂಗೈಯಿಂದ ಕೆಳಮುಖವಾಗಿ ನೀವಿ ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಮುಕ್ಕಾಲು ಪಾಲು ಸರಿ. ರೇಯಾನ್ ಚೆನ್ನಾಗಿ ಇಳಿಬೀಳುತ್ತದೆ, ಆದರೆ ಒದ್ದೆಯಾದಾಗ ಬಲ ಬಹಳ ಕಳೆದುಕೊಳ್ಳುತ್ತದೆ, ಹಿಂಡಬಾರದು. ಪಾಲಿಯೆಸ್ಟರ್ ನೀರು ಹೀರುವುದೇ ಕಡಿಮೆ, ಬೇಗ ಒಣಗುತ್ತದೆ, ಆದರೆ ಬೆವರಿನ ವಾಸನೆ ಹಿಡಿದಿಡುತ್ತದೆ. ರೂಮಿನಲ್ಲಿ ಒಗೆದದ್ದನ್ನು ಒಣಗಿದ ಟವೆಲ್ ಮೇಲೆ ಹರಡಿ, ಎರಡನ್ನೂ ಚಾಪೆಯಂತೆ ಸುತ್ತಿ, ಮೇಲೆ ಮೊಣಕಾಲೂರಿ ಒತ್ತಿ. ಟವೆಲ್ ನೀರು ಹೀರಿಕೊಳ್ಳುತ್ತದೆ, ತೆಳು ಟೀ ಶರ್ಟ್ ಬೆಳಗಿನೊಳಗೆ ಒಣಗುತ್ತದೆ. ಜೀನ್ಸ್ ಒಣಗುವುದಿಲ್ಲ, ಪ್ರಯತ್ನವೇ ಬೇಡ.

ಪಾದರಕ್ಷೆಯಲ್ಲಿ ಪ್ರಯೋಗ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕನಿಷ್ಠ ಎರಡು ವಾರ ಹಾಕಿ ಓಡಾಡಿದ ಜೋಡಿಯನ್ನೇ ಒಯ್ಯಿರಿ. ನಡೆದು ನಡೆದು ಸಂಜೆಗೆ ಪಾದ ಊದುತ್ತದೆ, ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಇರಲಿ. ಹಿಮ್ಮಡಿಯಲ್ಲಿ ಬಿಸಿ ಬಿಸಿ ಉರಿ ಶುರುವಾದ ಕ್ಷಣವೇ ಟೇಪ್ ಹಚ್ಚಿ. ಗುಳ್ಳೆ ಎದ್ದ ಮೇಲೆ ಹಚ್ಚುವುದರಿಂದ ಅದನ್ನು ಮುಚ್ಚಿದಂತಾಗುತ್ತದೆ ಅಷ್ಟೆ.

ಅಲ್ಲಿ ಕೊಳ್ಳುವುದಾದರೆ ಮೊದಲ ದಿನವೇ ಬೇಡ. ಮೂರನೆಯ ದಿನದ ಹೊತ್ತಿಗೆ ಎಳೆದಾಟದ ಲೆಕ್ಕ, ಫೋಟೋ ಎರಡೂ ನಿಮ್ಮ ಕೈಯಲ್ಲಿರುತ್ತವೆ, ಏನು ಹುಡುಕಬೇಕೆಂದು ಗೊತ್ತಿರುತ್ತದೆ. ಬಟ್ಟೆಯನ್ನು ಬಾಗಿಲ ಬಳಿ ತಂದು ಹಗಲ ಬೆಳಕಿನಲ್ಲಿ ನೋಡಿ, ಅಂಗಡಿ ದೀಪದಡಿ ಕಪ್ಪೆಂದು ಕಂಡದ್ದು ಹೊರಗೆ ಕಡುನೀಲಿ ಆಗಿಬಿಡುತ್ತದೆ. ಹೊಲಿಗೆಯ ಎರಡೂ ಬದಿ ಹಿಡಿದು ಮೆಲ್ಲಗೆ ಎಳೆಯಿರಿ, ನಡುವೆ ಬೆಳಕು ಕಂಡರೆ ಬಿಟ್ಟುಬಿಡಿ. ಪ್ರವಾಸದಲ್ಲಿ ಕೊಂಡದ್ದನ್ನು ವಾಪಸು ಕೊಡಲು ಮತ್ತೆ ಅಲ್ಲಿಗೆ ಹೋಗಲಾಗುವುದಿಲ್ಲ, ಹಾಗಾಗಿ ಪೆಟ್ಟಿಗೆಯಲ್ಲಿರುವ ಮೂರು ಬಟ್ಟೆಗಾದರೂ ಹೊಂದದಿದ್ದರೆ ಕೊಳ್ಳಬೇಡಿ. ಕೊಂಡದ್ದನ್ನು ಒಮ್ಮೆ ಒಗೆದೇ ಹಾಕಿ, ಹೆಚ್ಚುವರಿ ಬಣ್ಣ ಮತ್ತು ಗಂಜಿ ಹೋಗುತ್ತವೆ. ಇದಕ್ಕೆಂದು ಹೊರಡುವಾಗಲೇ ಒಂದೂವರೆ ಕೆಜಿ ಜಾಗ ಖಾಲಿ ಇಟ್ಟುಕೊಳ್ಳಿ. ಗಾಳಿ ಹೀರಿ ಚಪ್ಪಟೆ ಮಾಡುವ ಚೀಲಗಳು ಜಾಗ ಉಳಿಸುತ್ತವೆ, ತೂಕ ಒಂದು ಗ್ರಾಮೂ ಇಳಿಯುವುದಿಲ್ಲ, ಒಳಗಿನ ಲಿನನ್ ಮಾತ್ರ ಇಸ್ತ್ರಿಯಿಲ್ಲದೆ ಹಾಕುವಂತಿರುವುದಿಲ್ಲ.