ಗುರ್ ಎಂದದ್ದಕ್ಕೆ ಕರಿಯನಿಗೆ ಹೊಡೆಯಬೇಡಿ

ಪ್ರಶ್ನೆ: ಕುಮಟಾ ಹತ್ತಿರದ ಹಳ್ಳಿ ನಮ್ಮದು. ಮಗ-ಸೊಸೆ ಬೆಂಗಳೂರು ಬಿಟ್ಟು ಊರಿಗೇ ಬಂದಿದ್ದಾರೆ. ಮೊಮ್ಮಗಳಿಗೆ ಎರಡು ವರ್ಷ. ನಮ್ಮ ನಾಯಿ ಕರಿಯನಿಗೆ ಎಂಟು. ಇದುವರೆಗೆ ಯಾರಿಗೂ ಕಚ್ಚಿದ್ದಿಲ್ಲ. ಈಗ ಮಗು ಹತ್ತಿರ ಹೋದರೆ ಆಕಳಿಸುತ್ತಾನೆ, ಮೂತಿ ನೆಕ್ಕಿಕೊಳ್ಳುತ್ತಾನೆ, ಎದ್ದು ಕೊಟ್ಟಿಗೆಗೆ ಹೋಗುತ್ತಾನೆ. ಮೊನ್ನೆ ಅಲ್ಲೂ ಹೋಗಿ ಕಿವಿ ಹಿಡಿದಳು, ಗುರ್ ಎಂದ. ಮಗ ಕೋಲು ತಗೊಂಡು ಹೊಡೆದ. ದೂರ ಬಿಟ್ಟು ಬರುತ್ತೇನೆ ಅಂತಾನೆ. ಏನು ಮಾಡಲಿ?

ಉತ್ತರ: ಅಮ್ಮಾ, ಮೊದಲು ಮೊಮ್ಮಗಳ ವಿಷಯ. ಮಗನ ಹೆದರಿಕೆ ಸುಳ್ಳಲ್ಲ. ದೊಡ್ಡವರೊಬ್ಬರು ಪಕ್ಕದಲ್ಲೇ ಇಲ್ಲದೆ ಇಬ್ಬರನ್ನೂ ಒಟ್ಟಿಗೆ ಬಿಡಬೇಡಿ, ಐದು ನಿಮಿಷಕ್ಕೂ.

ಆದರೆ ಕರಿಯ ಎಷ್ಟು ದಿನದಿಂದ ಹೇಳುತ್ತಿದ್ದಾನೆ ಅಂತ ನಿಮ್ಮ ಪತ್ರದಲ್ಲೇ ಇದೆ. ನಿದ್ದೆಯ ಹೊತ್ತಲ್ಲದೆ ಆಕಳಿಸುವುದು, ತಿನ್ನಲು ಏನೂ ಇಲ್ಲದೆ ಮೂತಿ ನೆಕ್ಕುವುದು, ಇವೆಲ್ಲ ನಾಯಿಗೆ ಒಳಗೊಳಗೇ ಕಿರಿಕಿರಿಯಾದಾಗ ಕಾಣುವ ಲಕ್ಷಣ. ಮಗು ಬಂದಾಗ ಅವನ ಕಣ್ಣು ನೋಡಿ. ಮುಖ ಅತ್ತ ತಿರುಗಿಸಿ ಕಣ್ಣು ಮಾತ್ರ ಇತ್ತಲೇ ಇಟ್ಟರೆ ಅಂಚಿನಲ್ಲಿ ಬಿಳಿ ಕಾಣುತ್ತದೆ. ಕಿವಿ ಹಿಂದಕ್ಕೆ ಅಂಟಿರುತ್ತದೆ, ಮೈ ಸೆಟೆದಿರುತ್ತದೆ. ಆಗ ಬಾಲ ಅಲ್ಲಾಡಿದರೂ ಅದು ಖುಷಿಯಲ್ಲ. ಎದ್ದು ಕೊಟ್ಟಿಗೆಗೆ ಹೋದದ್ದಂತೂ ತುಂಬಾ ಒಳ್ಳೆಯ ನಡತೆ. ಮಗು ಅಲ್ಲಿಗೂ ಬಂದರೆ ಅವನು ಇನ್ನೆಲ್ಲಿಗೆ ಹೋಗಬೇಕು, ಹೇಳಿ?

ಹೊಡೆದರೆ ಕಿರಿಕಿರಿ ಹೋಗುವುದಿಲ್ಲ, ಗುರ್ ಅನ್ನುವುದಷ್ಟೇ ನಿಲ್ಲುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚಬಹುದು. ಮಗನ ಹತ್ತಿರ ನಾಯಿಯ ಪರ ವಾದ ಮಾಡಬೇಡಿ, ಮಗುವಿನ ಸಲುವಾಗಿ ಅಂತಲೇ ಇದನ್ನು ಹೇಳಿ.

ಕಿವಿ ಹಿಡಿದಾಗಲೇ ಗುರ್ ಅಂದನಲ್ಲ, ಅಲ್ಲಿ ನೋವಿರಬಹುದು. ನಮ್ಮ ಕಡೆಯ ತೇವದ ಹವೆಗೆ ನಾಯಿಗಳ ಕಿವಿಯಲ್ಲಿ ಸೋಂಕು ಜಾಸ್ತಿ, ಉಣುಗೂ ಹತ್ತುತ್ತವೆ. ಪದೇ ಪದೇ ತಲೆ ಕೊಡವುತ್ತಾನಾ, ಕಿವಿ ನಾತ ಬರುತ್ತದಾ ನೋಡಿ. ಏನಿದ್ದರೂ ಒಮ್ಮೆ ಪಶು ಆಸ್ಪತ್ರೆಗೆ ತೋರಿಸಿ. ರೇಬೀಸ್ ಲಸಿಕೆಯ ಅವಧಿ ಮುಗಿದಿದ್ದರೆ ಅದನ್ನೂ ಹಾಕಿಸಿ.

ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹಾಸಿ, ಮಗು ದಾಟದ ಹಾಗೆ ಹಲಗೆ ಅಡ್ಡ ಇಡಿ. ಕಟ್ಟಿ ಹಾಕಬೇಡಿ, ಎದ್ದು ಹೋಗುವ ದಾರಿ ಅವನಿಗೆ ಬೇಕು. ಎರಡು ವರ್ಷದವಳಿಗೆ ಹೇಳಿ ತಿಳಿಸುವುದು ಕಷ್ಟ, ಎತ್ತಿಕೊಂಡು ಬರಬೇಕಾದವರು ನೀವೇ.

ದೂರ ಬಿಡುವ ಮಾತು ಮಾತ್ರ ಬೇಡ. ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ಸಿಕ್ಕುವಂತೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಇಷ್ಟೆಲ್ಲ ಮಾಡಿಯೂ ಹೊಂದಿಕೆಯಾಗದಿದ್ದರೆ, ಸಣ್ಣ ಮಕ್ಕಳಿಲ್ಲದ, ಕರಿಯನ ಗುರುತಿರುವ ನೆಂಟರ ಮನೆಗೆ ಕೊಡಿ. ಅವನ ಗೋಣಿಯನ್ನೂ ಜೊತೆಗೆ ಕಳಿಸಿ.